ಮುಂಡಗೋಡದ ತಾರೆ ಡಂಬಳದಲ್ಲೂ ಇದ್ದಳು

ಪ್ರಶ್ನೆ: ನನಗೆ 36 ವರ್ಷ. ಹುಬ್ಬಳ್ಳಿಯಲ್ಲಿ ಔಷಧ ಅಂಗಡಿ ಇದೆ. ಹೋದ ವರ್ಷ ಗೋಯೆಂಕಾ ಅವರ ಪದ್ಧತಿಯ ಹತ್ತು ದಿನದ ವಿಪಶ್ಯನಾ ಶಿಬಿರ ಮಾಡಿದೆ, ಮನಸ್ಸಿಗೆ ಹಿಡಿಸಿತು. ಆಮೇಲೆ ಒಂದು ಭಾನುವಾರ ಟಿಬೆಟಿನವರ ಮಠಗಳಿರುವ ಮುಂಡಗೋಡಕ್ಕೆ ಹೋದರೆ ಅಲ್ಲಿ ಬೇರೆಯೇ ಲೋಕ. ದೀಪ, ಮಂತ್ರ, ತಾರಾದೇವಿಯ ಪೂಜೆ. ಅಂಬೇಡ್ಕರ್ ದಾರಿಯಲ್ಲಿರುವ ಗೆಳೆಯ, ‘ಅದೆಲ್ಲ ಟಿಬೆಟಿನವರು ಸೇರಿಸಿದ್ದು, ಬುದ್ಧ ದೇವರನ್ನೇ ಒಪ್ಪಲಿಲ್ಲ’ ಅನ್ನುತ್ತಾನೆ. ನಿಜವಾದ ಬೌದ್ಧ ಧರ್ಮ ಯಾವುದು? ನಮ್ಮದು ಲಿಂಗಾಯತರ ಮನೆ. ‘ಲಿಂಗ ಬಿಡ್ತೀ ಏನೋ?’ ಅಂತ ಅವ್ವ ದಿನಾ ಕೇಳುತ್ತಾಳೆ.

ಉತ್ತರ: ಮೊದಲು ನಿಮ್ಮ ಗೆಳೆಯರ ಮಾತು. ಅರ್ಧ ಸರಿ. ಜಗತ್ತನ್ನು ಹುಟ್ಟಿಸಿದ ಒಬ್ಬ ದೇವರು ಬುದ್ಧನಿಗೆ ಬೇಕಾಗಿರಲಿಲ್ಲ. ಆದರೆ ಪಾಲಿ ಸುತ್ತಗಳಲ್ಲೇ, ಅಂದರೆ ಪಾಲಿ ಭಾಷೆಯಲ್ಲಿ ಉಳಿದಿರುವ ಬುದ್ಧನ ಉಪದೇಶಗಳಲ್ಲೇ, ದೇವತೆಗಳು ರಾತ್ರಿ ಬಂದು ಬುದ್ಧನಿಗೆ ಪ್ರಶ್ನೆ ಕೇಳುತ್ತಾರೆ. ಅವರಿಗೂ ಸಾವಿದೆ, ಅಷ್ಟೇ.

ತಾರೆ ಟಿಬೆಟಿನವಳು ಅನ್ನುವುದು ಮಾತ್ರ ತಪ್ಪು. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದಿದೆ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ್ದು. ಅಲ್ಲಿ ಹದಿನಾರು ಜನ ಸೆಟ್ಟರು ಕಟ್ಟಿಸಿದ ಬೌದ್ಧ ವಿಹಾರದ ಮಾತು ಬರುತ್ತದೆ. ಬುದ್ಧನ ಜೊತೆಗೇ ತಾರೆಯ ಸ್ತುತಿ ಇದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ, ಈ ಎಂಟು ಭಯ ಕಳೆಯುವವಳು ಅವಳು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಸರಕು ಹೇರಿಕೊಂಡು ಊರೂರು ತಿರುಗುವ ವ್ಯಾಪಾರಿಯ ಭಯಗಳೇ ಅಲ್ವಾ? ಮುಂಡಗೋಡದ ಭಿಕ್ಷುಗಳನ್ನು ಕೇಳಿದರೂ ಇದೇ ಎಂಟು ಭಯ ಹೇಳುತ್ತಾರೆ.

ಹಾಗಾಗಿ ‘ನಿಜವಾದದ್ದು ಯಾವುದು’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ದಿನ ಬದಿಗಿಡಿ. ಅದರಲ್ಲಿ ಬಿದ್ದರೆ ವಾದ ಬೆಳೆಯುತ್ತದೆ, ಸಾಧನೆ ಬೆಳೆಯುವುದಿಲ್ಲ. ನಾನೂ ಎರಡು ಮೂರು ವರ್ಷ ಹಾಗೆ ಕಳೆದಿದ್ದೇನೆ. ಕಪಾಟಿನ ತುಂಬ ಪುಸ್ತಕ ಇತ್ತು, ದಿನಕ್ಕೆ ಹತ್ತು ನಿಮಿಷವೂ ಕೂತಿರಲಿಲ್ಲ. ಬದಲಿಗೆ ಹೀಗೆ ಕೇಳಿ: ನಾಳೆ ಮುಂಜಾನೆ ಎದ್ದು ಏನು ಮಾಡು ಅಂತ ಈ ಪಂಥ ನನಗೆ ಹೇಳುತ್ತದೆ?

ನೀವು ಕಲಿತ ಪದ್ಧತಿ ಬರ್ಮಾದ ಥೇರವಾದದಿಂದ, ಅಂದರೆ ಪಾಲಿ ಸುತ್ತಗಳನ್ನು ನೆಚ್ಚಿದ ಬೌದ್ಧ ಪಂಥದಿಂದ ಬಂದದ್ದು. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂರಬೇಕು. ಉಸಿರು, ಆಮೇಲೆ ಮೈಮೇಲಿನ ಸಂವೇದನೆ. ನಿಮ್ಮ ಪತ್ರದಲ್ಲಿ ಶಿಬಿರ ಮುಗಿದ ಮೇಲೆ ಕೂರುತ್ತಿದ್ದೀರೋ ಇಲ್ಲವೋ ಅನ್ನುವ ಒಂದು ಸಾಲೂ ಇಲ್ಲ. ಬಿಟ್ಟಿದ್ದೀರಿ ಅಂತ ಅನುಮಾನ. ಬೇಜಾರಾಗಬೇಡಿ, ಬಹಳ ಜನ ಬಿಡುತ್ತಾರೆ.

ಮುಂಡಗೋಡದ ದ್ರೆಪುಂಗ್, ಗಾದೆನ್ ಎರಡೂ ಟಿಬೆಟಿನ ಬೌದ್ಧರ ಗೆಲುಗ್ ಪಂಥದ ಮಠಗಳು. ಅಲ್ಲಿ ಓದು ಜಾಸ್ತಿ. ಅಂಗಳದಲ್ಲಿ ಒಬ್ಬ ಭಿಕ್ಷು ಕೂತಿರುತ್ತಾನೆ, ಎದುರಿಗೆ ನಿಂತವನು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಜಗಳ ಅಂದುಕೊಳ್ಳಬೇಡಿ, ಅದು ತರ್ಕದ ಪಾಠ. ಗೆಶೆ ಅನ್ನುವ ಅಲ್ಲಿನ ದೊಡ್ಡ ಪದವಿಗೆ ಇಪ್ಪತ್ತು ವರ್ಷದ ಹತ್ತಿರ ಬೇಕು. ನಿಮ್ಮಂಥ ಸಂಸಾರಸ್ಥರಿಗೆ ಕರುಣೆಯ ಧ್ಯಾನ, ತಾರೆಯ ಜಪ ಸಾಕು. ತಂತ್ರದ ಸಾಧನೆಯನ್ನು ಮಾತ್ರ ಯೂಟ್ಯೂಬ್ ನೋಡಿ ಶುರು ಮಾಡಬೇಡಿ. ಅದಕ್ಕೆ ಗುರುವಿನಿಂದ ದೀಕ್ಷೆ ಆಗಲೇಬೇಕು.

ಇನ್ನು ನಿಮ್ಮ ಗೆಳೆಯರ ದಾರಿ. ಅಂಬೇಡ್ಕರರು ಹಾಕಿಕೊಟ್ಟ ಬೌದ್ಧ ಮಾರ್ಗವಾದ ನವಯಾನದಲ್ಲಿ ಕಣ್ಣು ಮುಚ್ಚಿ ಕೂರುವುದಕ್ಕಿಂತ ಪಕ್ಕದವನನ್ನು ಸಮನಾಗಿ ಕಾಣುವುದು ಮುಖ್ಯ. ಅದನ್ನು ‘ಬರೀ ರಾಜಕೀಯ’ ಅನ್ನುವವರು ದಲಿತರ ಕೇರಿಯ ಕಡೆ ಒಮ್ಮೆಯೂ ನೋಡಿರುವುದಿಲ್ಲ.

ನನ್ನ ಸಲಹೆ: ಆರು ತಿಂಗಳು ಕಲಿತದ್ದನ್ನೇ ಮಾಡಿ. ಅಂಗಡಿ ತೆಗೆಯುವ ಮುಂಚೆ ಅರ್ಧ ತಾಸಾದರೂ ಕೂರಿ. ಗಿರಾಕಿ ಚಿಲ್ಲರೆಗೆ ಜಗಳ ತೆಗೆದಾಗ ನಿಮ್ಮ ದನಿ ಏರುವುದು ಕಡಿಮೆ ಆಗಿದೆಯಾ ನೋಡಿ. ಮುಂಡಗೋಡ ಹುಬ್ಬಳ್ಳಿಗೆ ದೂರವಲ್ಲ, ಹೋಗುತ್ತಿರಿ. ಎರಡನ್ನೂ ಕಲಸಿ ಒಂದೇ ಹೊತ್ತಿಗೆ ಮಾಡಬೇಡಿ.

ಇನ್ನು ಅವ್ವನವರ ಪ್ರಶ್ನೆ. ವಿಪಶ್ಯನಾ ಶಿಬಿರದ ಹತ್ತು ದಿನ ಪೂಜೆ, ಜಪ ನಿಲ್ಲಿಸಿ ಅನ್ನುತ್ತಾರೆ, ಮನೆಗೆ ಬಂದ ಮೇಲೆ ಧರ್ಮ ಬಿಡಿ ಅನ್ನುವುದಿಲ್ಲ. ಮುಂಡಗೋಡದಲ್ಲಿ ಕೂತು ಪ್ರವಚನ ಕೇಳುವುದಕ್ಕೂ ಲಿಂಗಕ್ಕೂ ಜಗಳ ಇಲ್ಲ. ಗೆಳೆಯರ ಜೊತೆ ನವಯಾನದ ದೀಕ್ಷೆ ತಗೊಂಡರೆ ಬೇರೆ ಮಾತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಿವೆ, ಹಳೆಯ ಧರ್ಮ ಬಿಡುವ ಮಾತು ಅದರಲ್ಲಿ ಸ್ಪಷ್ಟವಾಗಿದೆ. ಆ ದಾರಿ ಹಿಡಿಯುವುದಾದರೆ ಅವ್ವನವರ ಹತ್ತಿರ ಕೂತು ನೀವೇ ಮೊದಲು ಹೇಳಿ. ದೀಕ್ಷೆಯ ಫೋಟೊ ಯಾರದೋ ವಾಟ್ಸಾಪಿನಲ್ಲಿ ನೋಡಿ ಅವರಿಗೆ ಗೊತ್ತಾಗುವುದು ಬೇಡ.