ಸಿಂಧನೂರಿನ ಅಂಗಳಕ್ಕೆ ಯುಗಾದಿಯ ಹೂ: ಟ್ಯೂಲಿಪ್ ತರಿಸಿದ ಅಕ್ಕನವರಿಗೆ

ಅಕ್ಕನವರೇ, ನಮಸ್ಕಾರ. ಆರು ಟ್ಯೂಲಿಪ್ ಗಡ್ಡೆ, ನಾಲ್ಕು ಡ್ಯಾಫೋಡಿಲ್ ಗಡ್ಡೆ ಆನ್‌ಲೈನ್‌ನಲ್ಲಿ ತರಿಸಿದ್ದೀರಿ. ಡಬ್ಬಿಯೊಳಗಿನ ಚೀಟಿಯಲ್ಲಿ ‘ಟ್ಯೂಲಿಪ್ ಎಂದರೆ ಪ್ರೀತಿ, ಡ್ಯಾಫೋಡಿಲ್ ಎಂದರೆ ಹೊಸ ಬದುಕು’ ಎಂದು ಬರೆದಿದೆಯಂತೆ. ಸಿಂಧನೂರಿನ ಹೊಸ ಮನೆಯ ಅಂಗಳದಲ್ಲಿ ಇವು ಯುಗಾದಿಗೆ ಅರಳಬೇಕಾದರೆ ಯಾವಾಗ ನೆಡಬೇಕು, ಜೊತೆಗೆ ಇನ್ಯಾವ ಹೂ ಶುಭ ಎಂಬುದು ನಿಮ್ಮ ಪ್ರಶ್ನೆ. ನಿಮ್ಮ ಪೋಸ್ಟಿಗೆ ಎಲ್ಲರೂ ಹೆಬ್ಬೆರಳು ತೋರಿಸಿ ಹೋಗಿದ್ದಾರೆ, ಉತ್ತರ ಯಾರೂ ಕೊಟ್ಟಿಲ್ಲ. ನಾನು ಗಂಗಾವತಿ ಕಡೆಯವನು, ಅರ್ಧ ಎಕರೆ ದುಂಡು ಮಲ್ಲಿಗೆ ಇಟ್ಟವನು. ತಿಳಿದಷ್ಟು ಹೇಳುತ್ತೇನೆ.

ಗಡ್ಡೆಗಳನ್ನು ಈಗಲೇ ನೆಲಕ್ಕೆ ಹಾಕಬೇಡಿ. ಚಳಿ ಉಣ್ಣದ ಟ್ಯೂಲಿಪ್ ಎಲೆ ಬಿಟ್ಟು ಸುಮ್ಮನಾಗುತ್ತದೆ. ಹೂವಾಗಬೇಕಾದರೆ ಅದಕ್ಕೆ ಹತ್ತು ಡಿಗ್ರಿಗಿಂತ ಕೆಳಗಿನ ತಂಪು 12ರಿಂದ 14 ವಾರ ಸಿಗಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಬಳಿ ದೊಡ್ಡ ಟ್ಯೂಲಿಪ್ ತೋಟವಿದೆಯಲ್ಲ, ಅಲ್ಲಿ ಆ ಕೆಲಸವನ್ನು ಹಿಮವೇ ಮಾಡಿಕೊಡುತ್ತದೆ. ನಮ್ಮಲ್ಲಿ ಫ್ರಿಜ್ ಮಾಡಬೇಕು. ದೀಪಾವಳಿ ಈಗಷ್ಟೇ ಮುಗಿದಿದೆ. ಇಂದೇ ಕಾಗದದ ಚೀಲಕ್ಕೆ ಹಾಕಿ ತರಕಾರಿ ಇಡುವ ಕೆಳಗಿನ ಖಾನೆಯಲ್ಲಿಡಿ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣು ಬಿಡುವ ಅನಿಲಕ್ಕೆ ಗಡ್ಡೆಯೊಳಗಿನ ಮೊಗ್ಗು ಸಾಯುತ್ತದೆ. ಚೀಲದ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ. ಡ್ಯಾಫೋಡಿಲ್ ಗಡ್ಡೆ ನೋಡಲು ಥೇಟ್ ಉಳ್ಳಾಗಡ್ಡಿ, ಆದರೆ ವಿಷ. ಒಗ್ಗರಣೆಗೆ ಬಿದ್ದರೆ ಮನೆಮಂದಿಗೆಲ್ಲ ವಾಂತಿ. ಫೆಬ್ರವರಿ ಹೊತ್ತಿಗೆ ಹೊರಗೆ ತೆಗೆದು, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವ ಕಡೆ ಕುಂಡದಲ್ಲಿ ನೆಡಿ. ಆಗಲೇ ಹಗಲು 30 ಡಿಗ್ರಿ ದಾಟಿರುತ್ತದೆ, ಹಾಗಾಗಿ ಗಿಡ್ಡ ದಂಟಿನ ಮೇಲೆ ಒಂದೆರಡು ಹೂ ಬಂದರೆ ನಿಮ್ಮ ಪುಣ್ಯ. ಅದೇ ಗಡ್ಡೆ ಮರುವರ್ಷ ಹೂ ಕೊಡುವುದಿಲ್ಲ. ದುಡ್ಡು ಹೋಯಿತೆಂದು ಬೇಸರ ಬೇಡ, ಮಕ್ಕಳು ನೋಡಲಿ.

ಆ ಚೀಟಿಯ ವಿಷಯ. ಹೂವಿಗೊಂದು ಅರ್ಥವೆಂದು ಪಟ್ಟಿ ಮಾಡುವ ಹುಚ್ಚು 19ನೇ ಶತಮಾನದ ಯುರೋಪಿನಲ್ಲಿ ಜೋರಾಗಿತ್ತು. ಅದಕ್ಕೂ ಮೊದಲು ತುರ್ಕರು ಟ್ಯೂಲಿಪ್ಪನ್ನು ದೇವರ ಹೂ ಎಂದೇ ಕಂಡವರು. ‘ಲಾಲೆ’ ಎಂಬ ಅದರ ಹೆಸರಿಗೂ ‘ಅಲ್ಲಾ’ ಎಂಬುದಕ್ಕೂ ಅರಬ್ಬಿ ಲಿಪಿಯಲ್ಲಿ ಅವೇ ಅಕ್ಷರಗಳು. ಹಾಲೆಂಡಿನಲ್ಲಿ 1637ರಲ್ಲಿ ಗಡ್ಡೆಯ ಬೆಲೆ ಆಕಾಶಕ್ಕೇರಿ ದಿಢೀರನೆ ಬಿದ್ದ ಮೇಲೆ ಅದೇ ಹೂ ದುರಾಸೆಯ ಗುರುತಾಯಿತು. ಅಲ್ಲಿನವರು ಕಟ್ಟಿದ ಅರ್ಥ ಅಲ್ಲಿನ ಚಳಿಗಾಲದ ಬೆನ್ನಿಗೆ ಬಂದದ್ದು. ಹಿಮ ಕರಗುವ ಹೊತ್ತಿಗೆ ನೆಲದಿಂದ ಏಳುವ ಡ್ಯಾಫೋಡಿಲ್ ಅವರಿಗೆ ಹೊಸ ಬದುಕಾಗಿ ಕಂಡದ್ದು ಸಹಜವೇ. ನಮ್ಮ ವಸಂತ ನೆಲದಿಂದ ಏಳುವುದಿಲ್ಲ, ಮರದಿಂದ ಇಳಿಯುತ್ತದೆ. ತಲೆಯೆತ್ತಿ ನೋಡಬೇಕು.

ನನ್ನನ್ನು ಕೇಳಿದರೆ ಹೊಸ ಮನೆಗೆ ಮೊದಲ ಹೂ ಬೇವಿನದು. ಬೇವು ಎಂದೊಡನೆ ಕಹಿ ಎನ್ನುತ್ತೇವೆ. ಚೈತ್ರದಲ್ಲಿ ಬೆಳಗಿನ ಜಾವ ಹೂಬಿಟ್ಟ ಬೇವಿನ ಕೆಳಗೆ ನಿಂತು ನೋಡಿ, ಜೇನಿನ ವಾಸನೆ. ನಮ್ಮವ್ವ ಯುಗಾದಿಯ ಹಿಂದಿನ ರಾತ್ರಿ ಮರದಡಿ ಹಳೆಯ ಸೀರೆ ಹಾಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಸೀರೆಯ ತುಂಬ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಹೂ. ಮೊರದಲ್ಲಿ ಕೇರಿ, ಇರುವೆ ಊದಿ, ಬೆಲ್ಲದ ನೀರು, ಮಾವಿನಕಾಯಿ, ಪುಟಾಣಿ ಹಿಟ್ಟಿನ ಜೊತೆ ಕಲಸಿ ಲೋಟದ ತುಂಬ ಕೊಡುತ್ತಿದ್ದಳು. ಬೇರೆ ಕಡೆ ಚಿಟಿಕೆಯಷ್ಟು ನಾಲಿಗೆಗೆ ಇಟ್ಟುಕೊಳ್ಳುತ್ತಾರಂತೆ, ನಾವು ಬೇವನ್ನು ಕುಡಿಯುವವರು. ಸಸಿಯನ್ನು ಗೋಡೆಯಿಂದ ಹದಿನೈದು ಅಡಿ ದೂರ ನೆಡಿ, ಇಲ್ಲವಾದರೆ ಬೇರು ತಳಪಾಯಕ್ಕೆ ಹೋಗುತ್ತದೆ.

ಮುತ್ತುಗ ಅಂಗಳದ ಮರವಲ್ಲ, ಹೊಲದ ಬದುವಿನದು. ಎಲೆಯೆಲ್ಲ ಉದುರಿದ ಮೇಲೆ ಕೆಂಡದಂತೆ ಹೂ ಬಿಡುತ್ತದೆ; ಹೋಳಿ ಹುಣ್ಣಿಮೆಗೆ ಅದನ್ನು ಕುದಿಸಿದರೆ ಕೇಸರಿ ಬಣ್ಣ. ವಾಸನೆ ಮಾತ್ರ ಇಲ್ಲ. ಅದಕ್ಕೇ ಸುಭಾಷಿತದಲ್ಲಿ ರೂಪವಿದ್ದೂ ವಿದ್ಯೆಯಿಲ್ಲದವನನ್ನು ಮುತ್ತುಗದ ಹೂವಿಗೆ ಹೋಲಿಸಿದ್ದಾರೆ. ಮಾವಿನ ಹೂ, ಅಶೋಕ, ನವಮಲ್ಲಿಗೆ, ತಾವರೆ, ಕನ್ನೈದಿಲೆ ಇವು ಮನ್ಮಥನ ಐದು ಬಾಣಗಳು. ಹಂಪಿಯ ವಿರೂಪಾಕ್ಷ ಗುಡಿಯ ಪಕ್ಕದ ಮನ್ಮಥ ಹೊಂಡ ನೋಡಿರುತ್ತೀರಿ; ಕಾಮ ಬಾಣ ಬಿಟ್ಟು ಸುಟ್ಟುಹೋದದ್ದು ಅಲ್ಲೇ ಹೇಮಕೂಟದಲ್ಲಿ ಎಂದು ನಮ್ಮ ಕಡೆ ನಂಬುತ್ತಾರೆ. ಒಂದು ಎಚ್ಚರಿಕೆ: ನರ್ಸರಿಯಲ್ಲಿ ಅಶೋಕ ಎಂದು ಕೊಡುವ ಕಂಬದಂಥ ಉದ್ದನೆಯ ಮರ ಆ ಅಶೋಕವಲ್ಲ. ನಿಜವಾದದ್ದಕ್ಕೆ ಕೆಂಪು ಗೊಂಚಲು ಹೂ, ನೆರಳು ನೀರು ಎರಡೂ ಬೇಕು. ಸಿಂಧನೂರಿನ ಬಿಸಿಲಿಗೆ ಅದರ ಆಸೆ ಬಿಡಿ.

ಅಂಗಳಕ್ಕೆ ಮಲ್ಲಿಗೆ ಹಾಕಿ. ದೇವರ ಮುಡಿಗೂ ಆಯಿತು, ಮದುವಣಗಿತ್ತಿಯ ಜಡೆಗೂ ಆಯಿತು. ಇದರ ಅರ್ಥ ತಿಳಿಯಲು ಚೀಟಿ ಬೇಕಿಲ್ಲ. ನಮ್ಮ ಸೀಮೆಗೆ ಹೂವಿನ ಗೀಳು ಹಳೆಯದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇಲ್ಲಿನವರು ಗುಲಾಬಿಯನ್ನು ಅನ್ನದಷ್ಟೇ ಅಗತ್ಯವೆಂದು ಭಾವಿಸುತ್ತಾರೆ ಎಂದು ಬೆರಗಾಗಿ ಬರೆದಿದ್ದಾನೆ.

ನಿಮ್ಮದು ಎರೆ ಮಣ್ಣು, ನೀರು ನಿಲ್ಲುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಅರ್ಧ ಮಸಾರಿ (ಕೆಂಪು) ಮಣ್ಣು, ಹತ್ತು ಕಿಲೋ ಹಳೆಯ ತಿಪ್ಪೆಗೊಬ್ಬರ, ಎರಡು ಬುಟ್ಟಿ ಮರಳು ಸೇರಿಸಿ ತುಂಬಿ. ಬುಡ ನೆಲಕ್ಕಿಂತ ಗೇಣು ಎತ್ತರ ಇರಲಿ. ಗಿಡದಿಂದ ಗಿಡಕ್ಕೆ ನಾಲ್ಕಡಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗೊಬ್ಬರ ಸುರಿಯಬೇಡಿ, ಅದು ಕಬ್ಬಿಣದ ಕೊರತೆ. ಸವಳು ನೆಲದಲ್ಲಿ ಸಾಮಾನ್ಯ. ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಈಗ ನೆಟ್ಟದ್ದು ಬರುವ ಯುಗಾದಿಗೆ ಒಂದು ಗೇಣು ಮಾಲೆ ಕೊಟ್ಟರೆ ಹೆಚ್ಚು. ಮುಂದಿನ ವರ್ಷ ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಒಂದೂವರೆ ಅಡಿ ಉಳಿಸಿ ಮೇಲಿನದೆಲ್ಲ ಕತ್ತರಿಸಿಬಿಡಿ. ಮನೆಯವರು ಅಯ್ಯೋ ಎನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಆ ಹೊಸ ಚಿಗುರಿನಲ್ಲೇ ಮಾರ್ಚ್‌ನಿಂದ ಮೊಗ್ಗು.

ಕಾಲುವೆಗೆ ನೀರು ಬಿಡುವುದು ನಿಂತ ಮೇಲೂ ಬಣ್ಣ ಬೇಕೆಂದರೆ ಗೇಟಿಗೆ ಕಾಗದದ ಹೂವಿನ ಬಳ್ಳಿ (ಬೋಗನ್‌ವಿಲ್ಲಾ) ಹಬ್ಬಿಸಿ. ನೀರು ಕಡಿಮೆ ಮಾಡಿದಷ್ಟೂ ಅದಕ್ಕೆ ಹುರುಪು. ಕಣಗಿಲೆಯೂ ಬಿಸಿಲಿಗೆ ಜಗ್ಗುವುದಿಲ್ಲ, ಶಿವನಿಗೂ ಆಗುತ್ತದೆ. ಆದರೆ ಸೊಪ್ಪು, ಕಡ್ಡಿ, ಹೂ ಎಲ್ಲವೂ ವಿಷ. ಹಿಂದೊಮ್ಮೆ ನಾನು ಕತ್ತರಿಸಿದ ಟೊಂಗೆಗಳನ್ನು ಬೇಲಿಯಾಚೆ ಎಸೆದಿದ್ದೆ. ಪಕ್ಕದ ಮನೆಯ ಮೇಕೆಮರಿ ತಿಂದು ಸಂಜೆಯೊಳಗೆ ಸತ್ತಿತು. ಮರಿಯ ಬೆಲೆ ಕೊಟ್ಟೆ, ಅವರ ಹುಡುಗಿ ಮಾತ್ರ ವರ್ಷವಿಡೀ ನನ್ನೊಡನೆ ಮಾತನಾಡಲಿಲ್ಲ.

ಮಲ್ಲಿಗೆ ಸಸಿ ಕೊಳ್ಳಬೇಡಿ. ಈ ತಿಂಗಳ ಕೊನೆಗೆ ನನ್ನ ತೋಟದ ಕತ್ತರಿಕೆ ಇದೆ, ಮಣ್ಣಿಗೆ ಬಗ್ಗಿಸಿ ಬೇರು ಬಿಡಿಸಿದ ಬಗ್ಗುಕಡ್ಡಿಗಳು ಹೇಗೂ ಉಳಿಯುತ್ತವೆ. ಗಂಗಾವತಿಗೆ ಬರುವ ಹಿಂದಿನ ದಿನ ಇಲ್ಲೇ ಒಂದು ಮಾತು ಹಾಕಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತೇನೆ. ಬಸ್ಸಿನಲ್ಲಿ ಮಾತ್ರ ಕಿಟಕಿಯ ಬಿಸಿಲಿಗೆ ಇಡಬೇಡಿ.