ನಷ್ಟ ಯಾರ ತಲೆಗೆ ಅಂತ ಬರೆಯಿರಿ

ನಮಸ್ಕಾರ.

ನೆರೆಯ ದೇಶಗಳು ಸೇರಿ ಬ್ಯಾಂಕುಗಳ ಮೇಲೆ ಕಣ್ಣಿಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇಂಥ ವಿಷಯಕ್ಕೆ ಕೈಹಾಕುವವರೇ ಕಡಿಮೆ. ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಮೊದಲ ಮೂರು ಪುಟ ಸಹಕಾರದ ಹೊಗಳಿಕೆಗೇ ಹೋಗಿದೆ. ಎಲ್ಲರೂ ಕೈಜೋಡಿಸಿದರೆ ಬಿಕ್ಕಟ್ಟೇ ಬರುವುದಿಲ್ಲ ಎಂದಿದ್ದೀರಿ. ಸರಿ, ಬಂದೇಬಿಟ್ಟರೆ? ಬ್ಯಾಂಕು ಮುಳುಗಿದ ದಿನ ದುಡ್ಡು ಕೊಡುವವರು ಯಾರು? ಈ ಪ್ರಶ್ನೆ ಲೇಖನದಲ್ಲಿ ಎಲ್ಲೂ ಇಲ್ಲ.

ಫೋರ್ಟಿಸ್ ಎಂಬ ಬ್ಯಾಂಕಿಗೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ನನಗೆ ಇಡೀ ಕಥೆ ಅಲ್ಲೇ ಕಾಣಿಸಿತು. 2008ರ ಸೆಪ್ಟೆಂಬರ್ 28ರಂದು ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮೂರೂ ಸೇರಿ 1,120 ಕೋಟಿ ಯೂರೋ ಹಾಕಿ ಅದನ್ನು ಉಳಿಸುತ್ತೇವೆ ಎಂದವು. ವಾರ ತುಂಬಲಿಲ್ಲ. ಅಕ್ಟೋಬರ್ 3ಕ್ಕೆ ನೆದರ್ಲೆಂಡ್ಸ್ ತನ್ನ ನೆಲದಲ್ಲಿದ್ದ ಭಾಗವನ್ನು 1,680 ಕೋಟಿ ಯೂರೋ ಕೊಟ್ಟು ತಾನೇ ಕೊಂಡುಬಿಟ್ಟಿತು. ಇವು ಅಪರಿಚಿತ ದೇಶಗಳಲ್ಲ, ದಶಕಗಳಿಂದ ಒಟ್ಟಿಗೆ ಬಾಳಿದವು. ಆದರೂ ನಷ್ಟ ಎದುರಿಗೆ ನಿಂತಾಗ ಒಂದೊಂದು ಸರ್ಕಾರವೂ ತನ್ನ ತೆರಿಗೆದಾರರ ಮುಖವನ್ನೇ ನೋಡಿತು. ಲೇಖನ ಇಲ್ಲಿಂದಲೇ ಶುರುವಾಗಲಿ.

ಒಂದು ತಪ್ಪನ್ನು ತಿದ್ದಲೇಬೇಕು. ಐಸ್‌ಸೇವ್ ಎಂಬ ಆನ್‌ಲೈನ್ ಉಳಿತಾಯ ಖಾತೆ ಸೇವೆ ಕುಸಿದದ್ದಕ್ಕೆ ಬ್ರಿಟನ್ನಿನ ಮೇಲ್ವಿಚಾರಕರನ್ನಷ್ಟೇ ದೂರಿದ್ದೀರಿ. ಅದು ಐಸ್‌ಲ್ಯಾಂಡಿನ ಲ್ಯಾಂಡ್ಸ್‌ಬ್ಯಾಂಕಿ ಎಂಬ ಬ್ಯಾಂಕು ಬ್ರಿಟನ್ನಿನಲ್ಲಿ ತೆರೆದ ಶಾಖೆಯ ಮೂಲಕ ನಡೆಯುತ್ತಿತ್ತು. ಶಾಖೆ ಅಂದಮೇಲೆ ಮೇಲ್ವಿಚಾರಣೆಯ ಮುಖ್ಯ ಹೊಣೆ ಬ್ಯಾಂಕಿನ ತಾಯ್ನಾಡಿನದು. ಬ್ರಿಟನ್ನಿನಲ್ಲೇ ನೋಂದಾಯಿಸಿದ ಅಂಗಸಂಸ್ಥೆಯಾಗಿದ್ದರೆ ಬ್ರಿಟನ್ನಿನದು. ಈ ವ್ಯತ್ಯಾಸ ಬಿಡಿಸಿ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಯೂರೋ ವಲಯದ ಭಾಗ ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. 2014ರ ನವೆಂಬರ್ 4ರಿಂದ ಅಲ್ಲಿನ ದೊಡ್ಡ ಬ್ಯಾಂಕುಗಳನ್ನು ಫ್ರಾಂಕ್‌ಫರ್ಟ್‌ನಿಂದ ಯೂರೋಪಿಯನ್ ಸೆಂಟ್ರಲ್ ಬ್ಯಾಂಕೇ ನೋಡಿಕೊಳ್ಳುತ್ತಿದೆ, ನಿಜ. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ದುಡ್ಡು ಕೊಡುವ ಠೇವಣಿ ವಿಮೆಯ ಕಥೆ ಏನು? 1 ಲಕ್ಷ ಯೂರೋವರೆಗಿನ ರಕ್ಷಣೆ ಎಲ್ಲ ಕಡೆ ಒಂದೇ, ನಿಧಿ ಮಾತ್ರ ಆಯಾ ದೇಶದ್ದೇ. ಎಲ್ಲರಿಗೂ ಒಂದೇ ವಿಮೆ ಇರಲಿ ಎಂಬ ಪ್ರಸ್ತಾವ 2015ರ ನವೆಂಬರಿನಲ್ಲೇ ಬಂತು, ವರ್ಷಗಟ್ಟಲೆ ಕೊಳೆಯಿತು. ಪಕ್ಕದ ದೇಶದ ಕೆಟ್ಟ ಸಾಲಕ್ಕೆ ನಮ್ಮ ಬ್ಯಾಂಕುಗಳು ಯಾಕೆ ದುಡ್ಡು ಕಟ್ಟಬೇಕು ಎಂದು ಜರ್ಮನಿಯಲ್ಲಿ ಕೇಳುತ್ತಾರೆ. ಅವರನ್ನು ಸುಮ್ನೆ ಸ್ವಾರ್ಥಿಗಳು ಎಂದುಬಿಟ್ಟಿದ್ದೀರಿ. ಅವರ ವಾದವನ್ನು ಪೂರ್ತಿ ಹೇಳಿ, ಆಮೇಲೆ ಉತ್ತರ ಕೊಡಿ.

ಪಶ್ಚಿಮ ಆಫ್ರಿಕಾದ ಎಂಟು ದೇಶಗಳ ಬ್ಯಾಂಕಿಂಗ್ ಆಯೋಗವನ್ನು ಕೊನೆಗೆ ತುರುಕಿದ್ದೀರಿ, ಅಲ್ವಾ? ತೆಗೆಯಿರಿ. ಒಂದೇ ಕರೆನ್ಸಿ, ಒಂದೇ ಕೇಂದ್ರ ಬ್ಯಾಂಕ್ ಇರುವ ಆ ದೇಶಗಳದ್ದು ಬೇರೆಯದೇ ಲೇಖನ. ನೀವೇ ಬರೆಯಬೇಕು ಅಂತ ನನ್ನ ಆಸೆ. ಮೊದಲು ಇದನ್ನು ತಿದ್ದಿ, ನೇರ ನನಗೇ ಕಳಿಸಿ.