‘ಕಪ್ಪು ರಕ್ತ’ ಅಂದರೆ ಯಾವ ಕಪ್ಪು?

ಪ್ರಿಯ ಡಾಕ್ಟ್ರೇ,

ಶಂಕರಪುರ ಕಡೆಯ ಮಲ್ಲಿಗೆ ತೋಟದ ಕೆಲಸದಾಳು, ಜ್ಯೂಸ್ ಬಾಟಲಿಯಲ್ಲಿ ಹಾಕಿಟ್ಟಿದ್ದ ‘ಹೂ ಬಿಡುವ ಟಾನಿಕ್’ ಕುಡಿದು ಉಡುಪಿಯ ಆಸ್ಪತ್ರೆಗೆ ಬಂದ ಕತೆಯನ್ನು ನೀವು ಬರೆದು ಕಳಿಸಿದ್ದೀರಿ. ಎರಡು ಸಲ ಓದಿದೆ. ವಿಷಯ ಬೇಕಾದದ್ದು, ಭಾಷೆ ಚೊಕ್ಕವಾಗಿದೆ. ಮೊದಲ ಮೂರು ಪುಟಗಳ ತಂಟೆಗೆ ನಾನು ಹೋಗುವುದಿಲ್ಲ. ನಾಲ್ಕನೇ ಪುಟ ಮಾತ್ರ ನನಗೆ ಸಿಟ್ಟು ಬರಿಸಿತು. ಮೆತ್‌ಹಿಮೋಗ್ಲೋಬಿನೀಮಿಯಾವನ್ನು, ಅಂದರೆ ರಕ್ತದ ಹಿಮೋಗ್ಲೋಬಿನ್ ಕೆಟ್ಟು ಆಕ್ಸಿಜನ್ ಹೊರಲಾರದ ಸ್ಥಿತಿಯನ್ನು, ಗುರುತಿಸುವುದೂ ಇಳಿಸುವುದೂ ಆ ಪುಟದಲ್ಲೇ ಇದೆ. ನೀವು ಅಲ್ಲೇ ಕಣ್ಣು ಮುಚ್ಚಿಕೊಂಡು ಬರೆದಿದ್ದೀರಿ.

‘ಸಿರಿಂಜಿಗೆ ಬಂದ ರಕ್ತ ಕಪ್ಪಗಿತ್ತು.’

ಯಾವ ಕಪ್ಪು ಮಾರಾಯ್ರೆ? ಅಭಿಧಮನಿಯಿಂದ (ವೇನ್) ಎಳೆದ ರಕ್ತ ಯಾರದ್ದಾದರೂ ಸ್ವಲ್ಪ ಕಪ್ಪುಗೆಂಪೇ. ನೀವು ಕಂಡದ್ದು ಕಂದು, ಓಲೆಬೆಲ್ಲ ಕರಗಿಸಿದ ನೀರಿನ ಬಣ್ಣ. ಆ ರಕ್ತದ ಒಂದು ಹನಿಯನ್ನು ಬಿಳಿ ಗಾಜ್ ಬಟ್ಟೆಯ ಮೇಲೆ ಬಿಡಿ, ಪಕ್ಕದಲ್ಲೇ ಆರೋಗ್ಯವಂತರೊಬ್ಬರ ರಕ್ತದ ಒಂದು ಹನಿ. ಬಟ್ಟೆಯನ್ನು ಗಾಳಿಯಲ್ಲಿ ಬೀಸಿ, ಅಥವಾ ಆಕ್ಸಿಜನ್ ಟ್ಯೂಬಿನ ಬಾಯಿಗೆ ಹಿಡಿಯಿರಿ. ಆರೋಗ್ಯವಂತರ ಹನಿ ಕೆಂಪೇರುತ್ತದೆ, ಇದು ಕಂದಾಗಿಯೇ ಉಳಿಯುತ್ತದೆ. ಹಿಮೋಗ್ಲೋಬಿನ್ನಿನ ಕಬ್ಬಿಣ ಫೆರಸ್ ಇದ್ದದ್ದು ಫೆರಿಕ್ ಆಗಿಬಿಟ್ಟಿದೆ (ಇದೇ ಮೆತ್‌ಹಿಮೋಗ್ಲೋಬಿನ್), ಅದಕ್ಕೆ ಆಕ್ಸಿಜನ್ ಅಂಟುವುದಿಲ್ಲ. ಸರಿಯಾಗಿ ಉಳಿದ ಫೆರಸ್ ಕೂಡ ಹಿಡಿದ ಆಕ್ಸಿಜನ್ನನ್ನು ಅಂಗಾಂಗಕ್ಕೆ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಬರೇ ‘ಕಪ್ಪಗಿತ್ತು’ ಎಂದು ಬರೆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತು ಓದುವವರು ಹೃದಯವನ್ನೋ ಶ್ವಾಸಕೋಶವನ್ನೋ ಹುಡುಕಲು ಹೋಗುತ್ತಾರೆ. ಅವರ ಬಳಿ ಮೆತ್‌ಹಿಮೋಗ್ಲೋಬಿನ್ನನ್ನು ನೇರ ಅಳೆಯುವ ಕೋ-ಆಕ್ಸಿಮೀಟರ್ ಇರಲಿಕ್ಕಿಲ್ಲ, ಗಾಜ್ ಬಟ್ಟೆ ಇದ್ದೇ ಇರುತ್ತದೆ.

‘ಆಕ್ಸಿಜನ್ ಮಟ್ಟ 85ಕ್ಕೆ ಕುಸಿಯಿತು. ಸಾವು ಬಾಗಿಲಲ್ಲಿ ನಿಂತಿತ್ತು.’

ಎರಡನೇ ವಾಕ್ಯ ತೆಗೆದುಬಿಡಿ. ಮೊದಲನೆಯದು ತಪ್ಪು. ಬೆರಳಿನ ಕ್ಲಿಪ್ 660 ಮತ್ತು 940 ನ್ಯಾನೋಮೀಟರಿನ ಎರಡು ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಮೆತ್‌ಹಿಮೋಗ್ಲೋಬಿನ್ ಎರಡನ್ನೂ ಹೆಚ್ಚುಕಮ್ಮಿ ಸಮವಾಗಿ ಹೀರುತ್ತದೆ, ಹಾಗಾಗಿ ಅದು ಹೆಚ್ಚಾದಂತೆ ಯಂತ್ರ 85ರ ಹತ್ತಿರ ಬಂದು ಕೂತುಬಿಡುತ್ತದೆ. 40 ಶೇಕಡಾ ಇದ್ದರೂ 60 ಇದ್ದರೂ ಅದೇ 85. ಆ ಸಂಖ್ಯೆ ಕುಸಿತದ ಅಳತೆಯಲ್ಲ, ಯಂತ್ರಕ್ಕೆ ಗೊತ್ತಾಗುತ್ತಿಲ್ಲ ಎನ್ನುವ ಸೂಚನೆ. ನೀವು ಬರೆಯಬೇಕಿದ್ದದ್ದು ಬೇರೆ: ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೂ ತುಟಿಯ ನೀಲಿ ಕದಲಲಿಲ್ಲ, ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ ಒತ್ತಡ ಚೆನ್ನಾಗಿಯೇ ಇದೆ, ಆ ವರದಿಯಲ್ಲಿ ಲೆಕ್ಕ ಹಾಕಿ ಕೊಟ್ಟ ಸ್ಯಾಚುರೇಶನ್ (ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ನಿನ ಶೇಕಡಾ) 99, ಕ್ಲಿಪ್ಪಿನದ್ದು 85. ಆ ಅಂತರವೇ ರೋಗವನ್ನು ಹೇಳುತ್ತದೆ, ಖಚಿತಪಡಿಸುವುದು ಕೋ-ಆಕ್ಸಿಮೀಟರ್. ನೀಲಿ ಬಣ್ಣವಂತೂ ಲೀಟರಿನ ಹತ್ತನೇ ಒಂದು ಪಾಲು ರಕ್ತದಲ್ಲಿ ಒಂದೂವರೆ ಗ್ರಾಂ ಮೆತ್‌ಹಿಮೋಗ್ಲೋಬಿನ್ ಆದರೆ ಸಾಕು, ಕಾಣುತ್ತದೆ. ಅದಕ್ಕೇ ನಿಮ್ಮ ರೋಗಿ ಅಷ್ಟು ನೀಲಿಯಾಗಿಯೂ ನಿಮ್ಮ ಜತೆ ಮಾತಾಡುತ್ತಿದ್ದ. ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ, ಯಾಕೆಂದು ಕೇಳಿಕೊಳ್ಳಲಿಲ್ಲ.

‘ಮಿಥಿಲೀನ್ ಬ್ಲೂ ಕೊಟ್ಟ ಮರುಕ್ಷಣ ನೀಲಿ ಮಾಯವಾಯಿತು.’

ಫೆರಿಕ್ ಆದದ್ದನ್ನು ಮತ್ತೆ ಫೆರಸ್ ಮಾಡುವ ನೀಲಿ ಬಣ್ಣದ ಮದ್ದು ಅದು, ಜಾದೂ ಅಲ್ಲ. ನಾನು ಕಲಿಯುತ್ತಿದ್ದ ಕಾಲದ ಹಿರಿಯ ಸಿಸ್ಟರ್ ಒಬ್ಬರು ಬರೇ ಮಿಲಿಗ್ರಾಂ ಹೇಳಿದರೆ ಸಿರಿಂಜನ್ನು ಕೈಗೇ ಕೊಡುತ್ತಿರಲಿಲ್ಲ. ‘ಎಷ್ಟು ಎಂಎಲ್, ಎಷ್ಟು ನಿಮಿಷ?’ ಎಂದು ಕೇಳುತ್ತಿದ್ದರು. ನಿಮ್ಮ ವಾಕ್ಯಕ್ಕೂ ಅದೇ ಪ್ರಶ್ನೆ. ಕಿಲೋಗೆ 1ರಿಂದ 2 ಮಿಲಿಗ್ರಾಂ. 1 ಶೇಕಡಾ ದ್ರಾವಣದ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಇರುತ್ತದೆ, ಅಂದರೆ 60 ಕಿಲೋದ ಆಳಿಗೆ 6ರಿಂದ 12 ಎಂಎಲ್. ಒಳ್ಳೆಯ ನಾಳ ಹಿಡಿದು ಐದು ನಿಮಿಷ ನಿಧಾನವಾಗಿ ಕೊಟ್ಟು, ಹಿಂದೆಯೇ ಸಲೈನ್ ಹಾಯಿಸಬೇಕು. ನಾಳದ ಹೊರಗೆ ಸೋರಿದರೆ ಚರ್ಮ ಕೊಳೆಯಬಹುದು. ಕೊಟ್ಟ ಕೂಡಲೇ ಕ್ಲಿಪ್ಪಿನ ಸಂಖ್ಯೆ ಏರುವುದಿಲ್ಲ, ಇನ್ನೂ ಇಳಿಯುತ್ತದೆ. ಮದ್ದಿನ ಆ ನೀಲಿಯೂ ಬೆಳಕು ಹೀರುತ್ತದಲ್ಲ! ಇದು ಗೊತ್ತಿಲ್ಲದವರು ಗಾಬರಿಯಲ್ಲಿ ಇನ್ನೊಂದು ಡೋಸ್ ಏರಿಸಿಬಿಡುತ್ತಾರೆ. ಕಾಯಬೇಕು. ಅರ್ಧದಿಂದ ಒಂದು ಗಂಟೆಯಲ್ಲಿ ಮೆತ್‌ಹಿಮೋಗ್ಲೋಬಿನ್ ಇಳಿಯದಿದ್ದರೆ ಮತ್ತೊಮ್ಮೆ. ಒಟ್ಟು ಕಿಲೋಗೆ 7 ಮಿಲಿಗ್ರಾಂ ಮೀರಬಾರದು, ಅತಿಯಾದರೆ ಆ ಮದ್ದೇ ಮೆತ್‌ಹಿಮೋಗ್ಲೋಬಿನ್ ಮಾಡುತ್ತದೆ.

ಕೊಡುವ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳೂ ನಿಮ್ಮಲ್ಲಿಲ್ಲ. ಕೆಂಪು ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೇ? ಮಿಥಿಲೀನ್ ಬ್ಲೂ ಕೆಲಸ ಮಾಡಲು ಬೇಕಾದ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಬರುವುದು ಆ ಕಿಣ್ವದ ದಾರಿಯಿಂದ. ಕೊರತೆ ಇದ್ದವರಿಗೆ ಮದ್ದು ನಾಟುವುದಿಲ್ಲ, ಮೇಲೆ ರಕ್ತಕಣಗಳೂ ಒಡೆಯುತ್ತವೆ. ಅಂಥವರಿಗೆ ವಿಟಮಿನ್ ಸಿ, ಅದು ನಿಧಾನ; ತೀರಾ ಆದರೆ ರಕ್ತ ಬದಲಾವಣೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಹಲವು ಮಾತ್ರೆಗಳ ಜತೆ ಇದು ಸೇರಿದರೆ ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಅತಿಯಾಗಿ ಅಪಾಯ ತರುವ ಸಿರೊಟೋನಿನ್ ಸಿಂಡ್ರೋಮ್ ಆಗಬಹುದು.

‘ಮರುದಿನ ನಗುತ್ತಾ ಮನೆಗೆ ಹೋದ’ ಎಂಬುದನ್ನು ನಾನು ಅಚ್ಚಿಗೆ ಬಿಡುವುದಿಲ್ಲ. ಟಾನಿಕ್ಕಿನಲ್ಲಿದ್ದದ್ದು ನೈಟ್ರೋಬೆಂಜೀನ್ ಎಂದು ನೀವೇ ಹೇಳಿದ್ದೀರಿ. ಅದು ಕೊಬ್ಬಿನಲ್ಲಿ ಕೂತು ಮೆಲ್ಲಗೆ ಹೊರಬರುತ್ತದೆ. ಇಳಿದ ಮೆತ್‌ಹಿಮೋಗ್ಲೋಬಿನ್ ಮತ್ತೆ ಏರುತ್ತದೆ, ಪದೇ ಪದೇ ಪರೀಕ್ಷಿಸಿ ನೋಡಲೇಬೇಕು. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಅತಿಯಾದಾಗಲೂ ಇದೇ ಪಾಡು. ನೈಟ್ರೋಬೆಂಜೀನ್ ಚರ್ಮದಿಂದಲೂ ಒಳಗಿಳಿಯುತ್ತದೆ. ಅಂಗಿಯ ಮೇಲೆ ಚೆಲ್ಲಿಕೊಂಡು ಬಂದವನ ಅಂಗಿ ಬಿಚ್ಚಿ ಸೋಪು ಹಾಕಿ ತೊಳೆದಿರಾ? ನಿಮ್ಮ ಲೇಖನದಲ್ಲಿ ಅವನು ಕೊನೆಯವರೆಗೂ ಅದೇ ಅಂಗಿಯಲ್ಲಿದ್ದಾನೆ.

ನಾಲ್ಕನೇ ಪುಟವನ್ನು ಪೂರಾ ತಿರುಗಿ ಬರೆಯಿರಿ, ಉದ್ದವಾದರೂ ಅಡ್ಡಿಯಿಲ್ಲ. ಇನ್ನೊಂದು ಮಾತು. ಜ್ಯೂಸ್ ಬಾಟಲಿಗೆ ಲೇಬಲ್ ಇರಲಿಲ್ಲ. ಹಾಗಾದರೆ ಅದು ನೈಟ್ರೋಬೆಂಜೀನ್ ಎಂದು ಯಾರಿಗೆ, ಎಷ್ಟು ಹೊತ್ತಿಗೆ, ಹೇಗೆ ಗೊತ್ತಾಯಿತು? ಬಾಯಿಂದ ಬಂದ ಕಹಿ ಬಾದಾಮಿ ವಾಸನೆಯಿಂದಲೋ, ತೋಟದಿಂದ ಯಾರೋ ತಂದ ಮೂಲ ಡಬ್ಬಿಯಿಂದಲೋ? ಅದನ್ನು ವಿಚಾರಿಸಿ ಬರೆದು ಕಳಿಸಿ.